ಬೀಪ್ ನಿಂತಿತು ಅಂದರೆ ಹಿಂದೆ ಏನೂ ಇಲ್ಲ ಅಂತಲ್ಲ

ಓದುಗರ ಪ್ರಶ್ನೆ: ನಾನು ಶಿವಮೊಗ್ಗದವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 63. ನನ್ನದು 2016ರ ಹ್ಯಾಚ್‌ಬ್ಯಾಕ್ ಕಾರು. ಕಂಪನಿಯಿಂದ ರಿವರ್ಸ್ ಸೆನ್ಸರ್ ಬಂದಿರಲಿಲ್ಲ. ಹೋದ ವರ್ಷ ಅಂಗಡಿಯಲ್ಲಿ ನಾಲ್ಕು ಸೆನ್ಸರ್‌ನ ಕಿಟ್ ಹಾಕಿಸಿದೆ. ಮಳೆ ಬಂದರೆ ಹಿಂದೆ ಏನೂ ಇಲ್ಲದಿದ್ದರೂ ಬಡಿದುಕೊಳ್ಳುತ್ತದೆ. ನಮ್ಮ ಗೇಟಿನ ಇಳಿಜಾರಿನಲ್ಲಿ ಬಿಸಿಲಿದ್ದರೂ ಅದೇ ಕಥೆ. ಆದರೆ ಹೋದ ತಿಂಗಳು ಕಲ್ಯಾಣ ಮಂಟಪದ ಪಾರ್ಕಿಂಗ್‌ನಲ್ಲಿ ಒಂದು ಮೋಟು ಕಲ್ಲಿಗೆ ಬಂಪರ್ ತಾಗಿ ಸೀಳಿತು. ಮೊದಲು ಎರಡು ಸಲ ಬೀಪ್ ಅಂತು, ಆಮೇಲೆ ಸುಮ್ಮನಾಯಿತು. ದಾರಿ ಇದೆ ಅಂದುಕೊಂಡು ಹಿಂದೆ ಬಿಟ್ಟೆ. ಸೆನ್ಸರ್ ಬಂದಮೇಲೆ ನಾನು ತಿರುಗಿ ನೋಡುವುದೇ ಬಿಟ್ಟಿದ್ದೇನೆ ಅಂತ ಮನೆಯವಳ ದೂರು. ಬೀಪ್ ಕೂಡ ಈಗೀಗ ಸರಿಯಾಗಿ ಕೇಳಿಸುತ್ತಿಲ್ಲ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಸೆನ್ಸರ್ ಕಿತ್ತು ಕ್ಯಾಮೆರಾ ಹಾಕಿಸಿ ಅಂತ ಮಗ ಹೇಳುತ್ತಾನೆ. ರಿವರ್ಸ್ ಹಾಕಿದರೆ ಹೊರಗಡೆ ಹಾಡು ಬರುವಂಥದ್ದು ಹಾಕಿಸಿ, ಮಗು ಇರುವ ಮನೆಗೆ ಅದೇ ಒಳ್ಳೇದು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ:

ಮೇಷ್ಟ್ರೇ, ಮಳೆಯಲ್ಲಿ ಸುಳ್ಳು ಬೀಪ್, ಕಲ್ಲಿನ ಹತ್ತಿರ ಕೈಕೊಟ್ಟ ಬೀಪ್, ಕಿವಿಗೆ ಬೀಳದ ಬೀಪ್, ಕ್ಯಾಮೆರಾ, ಹಾಡು ಅಂತ ನೀವು ಐದು ವಿಷಯ ಕೇಳಿದ್ದೀರಿ. ನಿಮ್ಮ ನಿಜವಾದ ಚಿಂತೆ ಮೊಮ್ಮಗಳದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಅದಕ್ಕೆ ವಿವರವಾಗಿ ಬರುತ್ತೇನೆ. ಮೊದಲು ಆ ಕಲ್ಲಿನ ವಿಷಯ ಮಾತಾಡೋಣ. ಅದು ಅರ್ಥವಾದರೆ ಉಳಿದದ್ದು ಸುಲಭ.

ಕಲ್ಲಿಗೆ ತಾಗಿದ ದಿನ ನಿಮ್ಮ ಸೆನ್ಸರ್ ಕೆಟ್ಟಿರಲಿಲ್ಲ ಅಂತಲೇ ನನ್ನ ಅಂದಾಜು. ಅದು ತನ್ನ ಕೈಲಾದಷ್ಟು ಹೇಳಿದೆ. ಬೀಪ್ ನಿಂತದ್ದನ್ನು ನೀವು ‘ಹೋಗಬಹುದು’ ಅಂತ ಅರ್ಥ ಮಾಡಿಕೊಂಡಿರಿ. ತುಂಬಾ ಜನ ಹಾಗೇ ಅಂದುಕೊಳ್ಳುತ್ತಾರೆ. ನನ್ನ ಗ್ಯಾರೇಜಿಗೆ ಹಿಂದಿನ ಬಂಪರ್ ಸೀಳಿಸಿಕೊಂಡು ಬರುವ ಸೆನ್ಸರ್ ಕಾರುಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತು ಇದೇ: ‘ಸದ್ದು ನಿಂತಿತ್ತು ಸಾರ್.’

ಬಂಪರ್‌ನಲ್ಲಿ ಕಾಣುವ ಆ ಗುಂಡಿಯಂಥದ್ದು ಒಂದು ಪುಟ್ಟ ಸ್ಪೀಕರ್, ಅದೇ ಮೈಕ್ ಕೂಡ. ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುವ ಸದ್ದನ್ನು ಅದು ಹೊರಗೆ ಬಿಡುತ್ತದೆ. ನಮ್ಮ ಕಿವಿಗೆ ಹೆಚ್ಚೆಂದರೆ 20,000ದವರೆಗೆ ಕೇಳಿಸುತ್ತದೆ, ಅದೂ ಚಿಕ್ಕ ವಯಸ್ಸಿನಲ್ಲಿ. ಹಾಗಾಗಿ ಆ ಸದ್ದು ನಮಗೆ ಗೊತ್ತೇ ಆಗುವುದಿಲ್ಲ. ಬಾವಿಗೆ ಬಗ್ಗಿ ಕೂಗಿದರೆ ದನಿ ವಾಪಸ್ ಬರುತ್ತದಲ್ಲ, ಹಾಗೆ ಆ ಸದ್ದು ಹಿಂದಿನ ಗೋಡೆಗೋ ಸ್ಕೂಟರಿಗೋ ಬಡಿದು ವಾಪಸ್ ಬರುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು ಸುಮಾರು 6 ಮಿಲಿಸೆಕೆಂಡ್ ಸಾಕು. ಡಿಕ್ಕಿಯೊಳಗೆ ಕೂರಿಸಿರುವ ಪುಟ್ಟ ಡಬ್ಬಿ ಆ ಸಮಯ ಅಳೆದು ದೂರ ಲೆಕ್ಕ ಹಾಕುತ್ತದೆ. ನಿಮಗೆ ಕೇಳಿಸುವ ಬೀಪ್ ಬರುವುದು ಒಳಗಿರುವ ಬಜರ್‌ನಿಂದ. ಸಾಮಾನ್ಯವಾಗಿ ಒಂದೂವರೆ ಮೀಟರ್ ಆಸುಪಾಸಿನಲ್ಲಿ ಬಿಟ್ಟು ಬಿಟ್ಟು ಶುರುವಾಗಿ, ಹತ್ತಿರ ಹೋದಂತೆ ಬೇಗ ಬೇಗ ಆಗಿ, ಕೊನೆಗೆ 30-40 ಸೆಂಟಿಮೀಟರ್ ಒಳಗೆ ಒಂದೇ ಸಮನೆ ಕೂಗುತ್ತದೆ. ಕಿಟ್‌ನಿಂದ ಕಿಟ್‌ಗೆ ಈ ಅಳತೆ ಸ್ವಲ್ಪ ಬದಲಾಗುತ್ತದೆ. ಅದಕ್ಕೇ ಬೇರೆಯವರ ಕಾರು ತೆಗೆದಾಗ ನಿಮ್ಮ ಕಾರಿನ ಅಂದಾಜು ಹಿಡಿಯಬೇಡಿ.

ಅಂದರೆ ವಾಪಸ್ ಬಂದ ಸದ್ದಷ್ಟೇ ಸೆನ್ಸರಿಗೆ ಗೊತ್ತು. ವಾಪಸ್ ಬರದೇ ಹೋದದ್ದು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಈಗ ನಿಮ್ಮ ಮೋಟು ಕಲ್ಲಿಗೆ ಬನ್ನಿ. ಹ್ಯಾಚ್‌ಬ್ಯಾಕ್‌ನಲ್ಲಿ ಸೆನ್ಸರ್ ನೆಲದಿಂದ ಸುಮಾರು 50-60 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅದು ಬಿಡುವ ಸದ್ದು ಟಾರ್ಚ್ ಬೆಳಕಿನ ಹಾಗೆ ದೂರ ಹೋದಷ್ಟೂ ಅಗಲವಾಗುತ್ತದೆ, ಹತ್ತಿರದಲ್ಲಿ ಕಿರಿದು. ಮೊಣಕಾಲಿಗಿಂತ ಗಿಡ್ಡ ಕಲ್ಲು ಮೂರ್ನಾಲ್ಕು ಅಡಿ ದೂರದಲ್ಲಿದ್ದಾಗ ಆ ಹರವಿನ ಕೆಳ ಅಂಚಿಗೆ ಸಿಕ್ಕಿತು, ಬೀಪ್ ಅಂತು. ಕಾರು ಹತ್ತಿರ ಹೋದಾಗ ಕಲ್ಲು ಆ ಹರವಿನ ಕೆಳಗೆ ಉಳಿಯಿತು. ವಾಪಸ್ ಬರುವ ಸದ್ದೂ ನಿಂತಿತು, ಬೀಪೂ ನಿಂತಿತು. ಕಲ್ಲು ಮಾತ್ರ ಅಲ್ಲೇ ಇತ್ತು. ಇನ್ನೊಂದು ತೊಂದರೆಯೂ ಇದೆ. ಸದ್ದು ಬಿಟ್ಟ ಮೇಲೂ ಸೆನ್ಸರಿನ ಪೊರೆ ಸ್ವಲ್ಪ ಹೊತ್ತು ಅದುರುತ್ತಲೇ ಇರುತ್ತದೆ. ಅಷ್ಟರೊಳಗೆ ವಾಪಸ್ ಬಂದ ಸದ್ದನ್ನು ಅದು ಹಿಡಿಯಲಾರದು. ಹಾಗಾಗಿ ಸುಮಾರು 20-25 ಸೆಂಟಿಮೀಟರ್ ಒಳಗಿರುವ ವಸ್ತುವಿನ ವಿಷಯದಲ್ಲಿ ಅದನ್ನು ನಂಬುವ ಹಾಗಿಲ್ಲ. ನೀವು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಯಾರೋ ಬಂಪರಿಗೆ ಒತ್ತಿ ಬೈಕ್ ನಿಲ್ಲಿಸಿ ಹೋಗಿದ್ದರೆ, ರಿವರ್ಸ್ ಹಾಕಿದಾಗ ಸೆನ್ಸರ್ ಸುಮ್ಮನೇ ಇರಬಹುದು.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟು: ಬೀಪ್ ಶುರುವಾಗಿ, ಬೇಗ ಬೇಗ ಆಗದೆ ನಡುವೆ ನಿಂತುಹೋದರೆ ಬ್ರೇಕ್ ಒತ್ತಿ. ಇಳಿದು ನೋಡಿ. ಕೆಳಗೆ ಗಿಡ್ಡದ್ದೇನೋ ಇರುವ ಸಾಧ್ಯತೆ ಜಾಸ್ತಿ.

ಸೆನ್ಸರಿಗೆ ಸಿಗದೇ ಹೋಗುವುದು ಇನ್ನೂ ಇವೆ. ಪಾರ್ಕಿಂಗ್‌ಗೆ ಅಡ್ಡ ಕಟ್ಟಿದ ಚೈನು, ತಂತಿ ಬೇಲಿ, ಸಣ್ಣ ಕಬ್ಬಿಣದ ಕಂಬಿ, ಇವು ತುಂಬಾ ತೆಳ್ಳಗಿರುವುದರಿಂದ ವಾಪಸ್ ಬರುವ ಸದ್ದು ಸಾಲುವುದಿಲ್ಲ. ಓರೆಯಾಗಿ ನಿಂತ ನುಣುಪಾದ ಮೇಲ್ಮೈ ಸದ್ದನ್ನು ಬೇರೆ ಕಡೆಗೆ ತಳ್ಳಿಬಿಡುತ್ತದೆ. ಕಂಬಳಿ, ಸ್ಪಂಜಿನಂಥ ಮೆತ್ತನೆಯದು ಸದ್ದನ್ನು ಹೀರುತ್ತದೆ. ಹಿಂದೆ ನಿಂತ ಲಾರಿಯಿಂದ ಕಬ್ಬಿಣದ ಸರಳು ಹೊರಗೆ ಚಾಚಿದ್ದರೆ ಅದು ಸೆನ್ಸರಿಗಿಂತ ಎಷ್ಟೋ ಮೇಲೆ ಇರುತ್ತದೆ. ಸೆನ್ಸರ್ ಲಾರಿಯ ಚಕ್ರದವರೆಗೆ ಜಾಗ ಇದೆ ಅನ್ನುತ್ತದೆ, ಸರಳು ನಿಮ್ಮ ಹಿಂದಿನ ಗಾಜಿಗೆ ಬರುತ್ತದೆ. ನಮ್ಮ ಊರುಗಳಲ್ಲಿ ಇನ್ನೊಂದು ಭಯ ಚಪ್ಪಡಿ ಇಲ್ಲದ ಚರಂಡಿ. ಸೆನ್ಸರ್ ಹುಡುಕುವುದು ಅಡ್ಡ ನಿಂತದ್ದನ್ನು. ಗುಂಡಿ ಅಡ್ಡ ನಿಲ್ಲುವುದಿಲ್ಲ. ಚಕ್ರ ಚರಂಡಿಗೆ ಇಳಿಯುವವರೆಗೂ ಒಂದು ಬೀಪ್ ಕೂಡ ಬರುವುದಿಲ್ಲ.

ಇನ್ನು ಸುಳ್ಳು ಬೀಪ್. ಇದಕ್ಕೆ ಪರಿಹಾರ ಇದೆ, ಖರ್ಚೂ ಜಾಸ್ತಿ ಇಲ್ಲ. ಮಳೆಯಲ್ಲಿ ಸೆನ್ಸರಿನ ಮುಖದ ಮೇಲೆ ನೀರಿನ ಹನಿ ಕೂತರೆ ಅದರ ಕಂಪನ ಕೆಡುತ್ತದೆ, ಏನೋ ಇದೆ ಅಂತ ಭ್ರಮಿಸುತ್ತದೆ. ಕೆಸರು ಒಣಗಿ ಅಂಟಿದ್ದರೂ ಅಷ್ಟೇ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಹೊರಡುವ ಮುಂಚೆ ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ನಾಲ್ಕನ್ನೂ ಒರೆಸಿ. ಕಾರ್ ತೊಳೆಯುವಾಗ ಪ್ರೆಶರ್ ನೀರನ್ನು ಹತ್ತಿರದಿಂದ ನೇರ ಅದರ ಮೇಲೆ ಬಿಡಬೇಡಿ. ಬಂಪರಿಗೆ ಮತ್ತೆ ಪೇಂಟ್ ಹೊಡೆಸುವಾಗ ಸೆನ್ಸರ್ ಬಿಚ್ಚಿಸಿ. ಪೇಂಟಿನ ದಪ್ಪ ಪದರ ಕೂತರೆ ಅದು ಮಂಕಾಗುತ್ತದೆ. ನಿಮ್ಮ ಬಂಪರ್ ಈಗ ಸೀಳಿದೆಯಲ್ಲ, ಕೆಲಸಕ್ಕೆ ಕೊಡುವಾಗ ಈ ಮಾತು ಮರೆಯದೆ ಹೇಳಿ. ಹಿಂದೆ ಕಬ್ಬಿಣದ ಗಾರ್ಡೋ ಸೈಕಲ್ ಕ್ಯಾರಿಯರ್ರೋ ಹಾಕಿಸಿದ್ದರೆ ಸೆನ್ಸರ್ ಅದನ್ನೇ ನೋಡಿ ಕೂಗುತ್ತಿರಬಹುದು. ಬಸ್ಸು, ಲಾರಿಗಳ ಏರ್ ಬ್ರೇಕ್ ‘ಚುಸ್’ ಅನ್ನುವ ಸದ್ದಿನಲ್ಲಿ ನಮಗೆ ಕೇಳಿಸದ ಭಾಗವೂ ಇರುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರ ಒಮ್ಮೊಮ್ಮೆ ಸುಮ್ಸುಮ್ನೆ ಬೀಪ್ ಬರುವುದಕ್ಕೆ ಅದೂ ಕಾರಣ.

ಗೇಟಿನ ಇಳಿಜಾರಿನ ಸಮಸ್ಯೆ ಬೇರೆ. ಕಾರು ಒಂದು ಕೋನದಲ್ಲಿದ್ದು ಹಿಂದಿನ ನೆಲ ಇನ್ನೊಂದು ಕೋನದಲ್ಲಿದ್ದರೆ ಸೆನ್ಸರಿಗೆ ನೆಲವೇ ಗೋಡೆಯ ಹಾಗೆ ಸಿಗುತ್ತದೆ. ಡಿಕ್ಕಿಯಲ್ಲಿ ಭಾರ ತುಂಬಿ ಹಿಂಭಾಗ ಕುಸಿದಾಗಲೂ ಹೀಗೇ. ಆದರೆ ಇಳಿಜಾರು ಅಷ್ಟೇನೂ ಕಡಿದಾಗಿಲ್ಲದಿದ್ದರೂ ಪ್ರತಿ ಸಲ ಕೂಗುತ್ತದೆ ಅಂದರೆ ಕೂರಿಸಿದ್ದರಲ್ಲಿ ತಪ್ಪಿರಬಹುದು. ಹೆಚ್ಚಿನ ಕಿಟ್‌ಗಳಲ್ಲಿ ಸೆನ್ಸರಿನ ಹಿಂಬದಿ ‘ಅಪ್’ ಅಂತ ಬರೆದು ಬಾಣದ ಗುರುತು ಇರುತ್ತದೆ. ಆ ಗುರುತು ಮೇಲಕ್ಕೇ ಇರಬೇಕು. ಅವಸರದಲ್ಲಿ ತೂತು ಕೊರೆದು ತಿರುಗುಮುರುಗಾಗಿ ಒತ್ತಿದ ಸೆನ್ಸರನ್ನು ನಾನು ಬಿಚ್ಚಿ ಸರಿ ಮಾಡಿದ್ದಿದೆ. ಮೇಲಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತದೆ, ಬಿಚ್ಚಿದಾಗಲೇ ಗೊತ್ತಾಗುವುದು. ವೈರುಗಳ ಮೇಲೆ ಎ, ಬಿ, ಸಿ, ಡಿ ಅಂತ ಇರುತ್ತದೆ. ಅದು ಅದಲುಬದಲಾದರೆ ಎಡಗಡೆಯ ಗೋಡೆಯನ್ನು ಡಿಸ್ಪ್ಲೇ ಬಲಗಡೆ ತೋರಿಸುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಬಂದ್ ಇರಲಿ, ಕೀಯನ್ನು ಆನ್‌ಗೆ ತಿರುಗಿಸಿ ರಿವರ್ಸ್ ಗೇರ್ ಹಾಕಿ. ಈಗ ಹಿಂದೆ ಹೋಗಿ ಒಂದೊಂದು ಸೆನ್ಸರಿಗೂ ಕಿವಿ ಹತ್ತಿರ ತನ್ನಿ. ಸುತ್ತ ಸದ್ದಿಲ್ಲದಿದ್ದರೆ ಸಣ್ಣಗೆ ಟಿಕ್ ಟಿಕ್ ಟಿಕ್ ಅಂತ ಕೇಳುತ್ತದೆ. ನಿಮಗೆ ಕೇಳಿಸದಿದ್ದರೆ ಬೆರಳ ತುದಿ ಇಡಿ, ನವಿರಾಗಿ ಅದುರುವುದು ತಿಳಿಯುತ್ತದೆ. ಮೂರು ಟಿಕ್ ಅಂದು ಒಂದು ಸುಮ್ಮನಿದ್ದರೆ ಆ ಒಂದನ್ನಷ್ಟೇ ಬದಲಿಸಬಹುದು, ಪೂರ್ತಿ ಕಿಟ್ ಬೇಕಿಲ್ಲ. ಆಮೇಲೆ ಮನೆಯವರು ಒಂದು ರಟ್ಟಿನ ಪೆಟ್ಟಿಗೆಯನ್ನು ಬದಿಯಿಂದ ತಳ್ಳುತ್ತಾ ಎಲ್ಲೆಲ್ಲಿ ಇಟ್ಟರೆ ಬೀಪ್ ಬರುತ್ತದೆ, ಎಲ್ಲಿ ಬರುವುದಿಲ್ಲ ನೋಡಲಿ. ಬಂಪರಿನ ಎರಡು ಮೂಲೆಗಳಲ್ಲಿ ಒಂದಿಷ್ಟು ಜಾಗ ಕುರುಡಾಗಿರುವುದು ನಿಮಗೇ ಕಾಣುತ್ತದೆ. ಆ ಪೆಟ್ಟಿಗೆಯನ್ನು ಮಲಗಿಸಿ ಗಿಡ್ಡ ಮಾಡಿ ಒಂದು ಸಲ ಇಟ್ಟು ನೋಡಿ. ಕಲ್ಯಾಣ ಮಂಟಪದಲ್ಲಿ ಏನಾಯಿತು ಅಂತ ನಿಮ್ಮ ಕಣ್ಣೆದುರೇ ಗೊತ್ತಾಗುತ್ತದೆ. ಒಂದೂ ಟಿಕ್ ಅನ್ನುತ್ತಿಲ್ಲ ಅಂದರೆ ರಿವರ್ಸ್ ಲೈಟ್ ಉರಿಯುತ್ತಿದೆಯಾ ನೋಡಿ. ಈ ಕಿಟ್‌ಗಳಿಗೆ ಕರೆಂಟ್ ಬರುವುದು ಆ ಲೈಟಿನ ವೈರಿನಿಂದಲೇ. ಸೆನ್ಸರಿನಿಂದ ಬ್ಯಾಟರಿ ಇಳಿಯುತ್ತದೆ ಅನ್ನುವ ಮಾತಿಗೆ ಹುರುಳಿಲ್ಲ ಅನ್ನುವುದಕ್ಕೂ ಇದೇ ಕಾರಣ. ರಿವರ್ಸ್ ಗೇರ್ ಹಾಕದೆ ಅದಕ್ಕೆ ಕರೆಂಟೇ ಹೋಗುವುದಿಲ್ಲ.

ಬೀಪ್ ಕೇಳಿಸುತ್ತಿಲ್ಲ ಅಂದಿರಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ಸದ್ದನ್ನು. ಕಡಿಮೆ ಬೆಲೆಯ ಬಜರ್‌ಗಳ ಸದ್ದು ಕೀಚಲಾಗಿಯೇ ಇರುತ್ತದೆ. ಜೊತೆಗೆ ಎಸಿ ಫ್ಯಾನು, ಹಾಡು, ಹಿಂದಿನ ಸೀಟಿನ ಮಾತು. ಎಷ್ಟೋ ಕಡೆ ಬಜರನ್ನು ಡಿಕ್ಕಿಯ ಹೊದಿಕೆಯ ಅಡಿಗೆ ಸೇರಿಸಿಬಿಟ್ಟಿರುತ್ತಾರೆ. ವೈರ್ ಉದ್ದ ಮಾಡಿಸಿ ಅದನ್ನು ಮುಂದಕ್ಕೆ, ನಿಮ್ಮ ಹತ್ತಿರ ತರಿಸಿ. ಕೆಲವು ಬಜರ್‌ಗಳಲ್ಲಿ ಸದ್ದು ಜಾಸ್ತಿ-ಕಡಿಮೆ ಮಾಡುವ ಸಣ್ಣ ಸ್ವಿಚ್ ಇರುತ್ತದೆ, ಅದನ್ನೂ ನೋಡಿಸಿ. ದೂರವನ್ನು ಅಂಕಿಯಲ್ಲಿ ತೋರಿಸುವ ಡಿಸ್ಪ್ಲೇ ಇದ್ದರೆ ಕಿವಿಯ ಮೇಲಿನ ಹೊರೆ ಇಳಿಯುತ್ತದೆ. ರಿವರ್ಸ್ ತೆಗೆಯುವಾಗ ಹಾಡು ನಿಲ್ಲಿಸಿ, ಕಿಟಕಿ ಗಾಜು ಇಳಿಸಿ. ಬೀಪಿಗಿಂತ ಮೊದಲು ಯಾರಾದರೂ ‘ಏಯ್’ ಅಂದದ್ದು ನಿಮಗೆ ಕೇಳಿಸಬೇಕು. ಒಮ್ಮೆ ಕಿವಿ ಡಾಕ್ಟರ ಹತ್ತಿರವೂ ತೋರಿಸಿಕೊಳ್ಳಿ. ಬೀಪ್ ಕೇಳಿಸದ ಕಿವಿಗೆ ಸೈಕಲ್ ಬೆಲ್ಲೂ ಕೇಳಿಸದಿರಬಹುದು.

ವೇಗದ ಒಂದು ಲೆಕ್ಕ ಹೇಳುತ್ತೇನೆ, ಮೇಷ್ಟ್ರಾದ ನಿಮಗೆ ಇಷ್ಟವಾದೀತು. ಗಂಟೆಗೆ 5 ಕಿಲೋಮೀಟರ್ ಅಂದರೆ ನಾವು ನಡೆಯುವ ವೇಗ. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 1.4 ಮೀಟರ್ ಹಿಂದೆ ಹೋಗುತ್ತದೆ. ಸೆನ್ಸರ್ ಎಚ್ಚರಿಸಲು ಶುರು ಮಾಡುವುದೇ ಒಂದೂವರೆ ಮೀಟರಿನಲ್ಲಿ. ಬೀಪ್ ಕೇಳಿ, ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಒಂದು ಸೆಕೆಂಡ್ ಆಗೇ ಆಗುತ್ತದೆ. ಅಂದರೆ ಇದ್ದ ಜಾಗವೆಲ್ಲ ಅಲ್ಲಿಗೆ ಮುಗಿಯಿತು. ಗಂಟೆಗೆ 2 ಕಿಲೋಮೀಟರಿನಲ್ಲಿ ಅದೇ ಒಂದು ಸೆಕೆಂಡಿಗೆ ಅರ್ಧ ಮೀಟರಿಗಿಂತ ಚೂರು ಜಾಸ್ತಿ. ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ ಮೇಲೆ ತೆವಳಿಸಿದರೆ ಮಾತ್ರ ಸೆನ್ಸರ್ ನಿಮ್ಮ ಕೆಲಸಕ್ಕೆ ಬರುತ್ತದೆ.

ಈಗ ಮಗುವಿನ ವಿಷಯ.

ಎರಡು ವರ್ಷದ ಮಗು ನಿಂತರೆ ನಿಮ್ಮ ಹಿಂದಿನ ಗಾಜಿನ ಕೆಳ ಅಂಚಿಗೂ ಬರುವುದಿಲ್ಲ. ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಕಲ್ಲು ಆಯುತ್ತಿದ್ದರೆ ಮೂರೂ ಕನ್ನಡಿಯಲ್ಲಿ ಕಾಣುವುದಿಲ್ಲ, ಕುತ್ತಿಗೆ ತಿರುಗಿಸಿ ನೋಡಿದರೂ ಕಾಣುವುದಿಲ್ಲ. ಅಮೆರಿಕದಲ್ಲಿ 2002ರಲ್ಲಿ ಒಬ್ಬ ತಂದೆ ತಮ್ಮ ಮನೆಯ ಅಂಗಳದಲ್ಲೇ ಕಾರು ರಿವರ್ಸ್ ತೆಗೆಯುವಾಗ ಎರಡು ವರ್ಷದ ಮಗ ಕ್ಯಾಮರಾನ್ ಗುಲ್ಬ್ರಾನ್ಸನ್ ಹಿಂದೆ ಬಂದು ತೀರಿಕೊಂಡ. ಆ ತಂದೆ ಮಕ್ಕಳ ಡಾಕ್ಟರು. ಆ ಮಗುವಿನ ಹೆಸರಿನಲ್ಲೇ ಅಲ್ಲಿ 2008ರಲ್ಲಿ ಕಾನೂನು ಬಂತು. 2018ರ ಮೇ ತಿಂಗಳಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಹಿಂದಿನ ಕ್ಯಾಮೆರಾ ಕಡ್ಡಾಯ. ಅವರು ಬೀಪಿಗೆ ತೃಪ್ತರಾಗದೆ, ಹಿಂದಿನ ಜಾಗ ಚಾಲಕನ ಕಣ್ಣಿಗೇ ಬೀಳಬೇಕು ಅಂದರು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಯಿತು. ಅದಕ್ಕೂ ಹಳೆಯ ನಿಮ್ಮ ಕಾರಿಗೆ ಹಾಕಿಸಲೇಬೇಕು ಅಂತೇನೂ ಇರಲಿಲ್ಲ. ನೀವಾಗೇ ಹಾಕಿಸಿದ್ದು ಒಳ್ಳೆಯದೇ ಆಯಿತು.

ಹಾಗಾಗಿ ಕ್ಯಾಮೆರಾ ವಿಷಯದಲ್ಲಿ ನಿಮ್ಮ ಮಗ ಹೇಳುವುದು ಅರ್ಧ ಸರಿ. ಹಾಕಿಸಿ. ಆದರೆ ಸೆನ್ಸರ್ ಕೀಳಿಸಬೇಡಿ. ಗಿಡ್ಡ ಕಲ್ಲು, ಚರಂಡಿ, ಕೂತ ಮಗು ಕ್ಯಾಮೆರಾದಲ್ಲಿ ಕಾಣುತ್ತದೆ. ಆದರೆ ಕ್ಯಾಮೆರಾ ತಾನಾಗಿ ಕೂಗುವುದಿಲ್ಲ, ನೀವು ಸ್ಕ್ರೀನ್ ನೋಡುತ್ತಿರಬೇಕು. ಅದರ ಅಗಲ ಲೆನ್ಸಿನಲ್ಲಿ ಹತ್ತಿರದ ವಸ್ತುವೂ ದೂರ ಇದ್ದ ಹಾಗೆ ಕಾಣುತ್ತದೆ. ಹೊರಗಿನ ಅಂಗಡಿಯಲ್ಲಿ ಹಾಕುವ ಕ್ಯಾಮೆರಾದ ಹಸಿರು-ಕೆಂಪು ಗೆರೆಗಳು ನಿಮ್ಮ ಕಾರಿಗೆ ಅಂತಲೇ ಅಳೆದವಲ್ಲ. ಒಮ್ಮೆ ಗೋಡೆಯ ಹತ್ತಿರ ನಿಲ್ಲಿಸಿ, ಇಳಿದು, ಕೆಂಪು ಗೆರೆ ಅಂದರೆ ನಿಜವಾಗಿ ಎಷ್ಟು ಅಡಿ ಅಂತ ನೋಡಿಕೊಳ್ಳಿ. ಮಳೆಯಲ್ಲಿ ಲೆನ್ಸ್ ಮೇಲೆ ಹನಿ ಕೂತರೆ, ಕತ್ತಲಾದರೆ, ಚಿತ್ರ ಮಂಕು. ಕ್ಯಾಮೆರಾ ಕೈಕೊಡುವ ಕಡೆ ಸೆನ್ಸರ್, ಸೆನ್ಸರ್ ಕೈಕೊಡುವ ಕಡೆ ಕ್ಯಾಮೆರಾ, ಹೀಗೆ ಎರಡೂ ಇರಲಿ.

ಇಷ್ಟಾದರೂ ಮಗು ಇರುವ ಮನೆಯಲ್ಲಿ ನಾನು ಎರಡನ್ನೂ ನಂಬುವುದಿಲ್ಲ. ಓಡಿ ಬರುವ ಮಗು ಬದಿಯಿಂದ ಬರುತ್ತದೆ, ಒಂದೇ ಕ್ಷಣದಲ್ಲಿ ಚಕ್ರದ ಹಿಂದೆ ಇರುತ್ತದೆ. ಹೊರಡುವಾಗ ಮಗು ಯಾರದಾದರೂ ಕಂಕುಳಲ್ಲಿರಬೇಕು, ಇಲ್ಲವೇ ಬಾಗಿಲ ಚಿಲಕದ ಒಳಗಿರಬೇಕು. ‘ಒಳಗೆ ಆಡ್ತಿದ್ದಾಳೆ’ ಅಂತ ಹೇಳಿದ್ದು ಸಾಲದು, ನಿಮ್ಮ ಕಣ್ಣಿಗೆ ಕಾಣಬೇಕು. ಆಮೇಲೆ ಕಾರಿಗೆ ಒಂದು ಸುತ್ತು ಬಂದು ಕೂತುಕೊಳ್ಳಿ. ಕೂತ ಕೂಡಲೇ ಹೊರಡಿ. ಫೋನ್ ನೋಡುತ್ತ ಐದು ನಿಮಿಷ ಕಳೆದರೆ ಆ ಸುತ್ತು ಬಂದದ್ದು ವ್ಯರ್ಥ. ಮನೆಗೆ ಬರುವಾಗ ಇನ್ನೂ ಜಾಗ್ರತೆ ಬೇಕು. ಕಾರಿನ ಸದ್ದು ಕೇಳಿ ತಾತ ಬಂದರು ಅಂತ ಅವಳು ಓಡಿ ಬರುತ್ತಾಳೆ ಅಲ್ವಾ? ಗೇಟಿನ ಹೊರಗೇ ನಿಲ್ಲಿಸಿ ಮನೆಗೆ ಒಂದು ಫೋನ್ ಮಾಡಿ, ಮಗುವನ್ನು ಎತ್ತಿಕೊಂಡಿದ್ದಾರೆ ಅಂತ ಗೊತ್ತಾದ ಮೇಲೆ ಒಳಗೆ ತನ್ನಿ.

ಪಕ್ಕದ ಮನೆಯವರ ಹಾಡಿನ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಎರಡು ವರ್ಷದ ಮಗುವಿಗೆ ಆ ಹಾಡು ಎಚ್ಚರಿಕೆ ಅಂತ ಗೊತ್ತಾಗುವುದಿಲ್ಲ. ಹಾಡು ಕೇಳಿದರೆ ಅದು ಹತ್ತಿರವೇ ಬರಬಹುದು. ಕಾನೂನೂ ನಿಮ್ಮ ಪರ ಇರುವುದಿಲ್ಲ. ಒಂದಾದ ಮೇಲೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್, ಕರ್ಕಶವಾದ ಅಥವಾ ಗಾಬರಿ ಹುಟ್ಟಿಸುವ ಸದ್ದಿನ ಸಾಧನ ವಾಹನಕ್ಕೆ ಹಾಕಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಹೇಳುತ್ತದೆ. ರಿವರ್ಸ್ ಹಾಡು ಇದಕ್ಕೆ ಹೊರತು ಅಂತ ವಾದಿಸುವುದು ಕಷ್ಟ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬಲ್. ಬೆಳಗಿನ ಜಾವ ಬಸ್ಸಿಗೆ ಯಾರನ್ನೋ ಬಿಡಲು ಹೊರಟರೆ ಬೀದಿಯೆಲ್ಲ ಏಳುತ್ತದೆ. ದೊಡ್ಡ ಲಾರಿ, ಜೆಸಿಬಿಗಳ ಹೊರಗಿನ ಬೀಪ್ ಬೇರೆ ಮಾತು. ಅವುಗಳ ಹಿಂದೆ ಕೆಲಸಗಾರರು ಓಡಾಡುತ್ತಿರುತ್ತಾರೆ, ಅಲ್ಲಿ ಅದು ಬೇಕೇ ಬೇಕು.

ಮನೆಯವರ ದೂರಿಗೆ ಬಂದರೆ, ಅವರು ಹೇಳಿದ್ದು ಪೂರ್ತಿ ಸರಿ. ಮೊದಲು ಕಣ್ಣು, ಆಮೇಲೆ ಬೀಪ್. ನಿಮ್ಮ ವಯಸ್ಸಿನಲ್ಲಿ ಕುತ್ತಿಗೆ ಪೂರ್ತಿ ತಿರುಗದಿದ್ದರೆ ಎಡಗಡೆಯ ಕನ್ನಡಿಯನ್ನು ಹಿಂದಿನ ಚಕ್ರ, ನೆಲ ಕಾಣುವಷ್ಟು ಕೆಳಗೆ ಬಗ್ಗಿಸಿಕೊಳ್ಳಿ, ರಸ್ತೆಗೆ ಬಂದಮೇಲೆ ಮೊದಲಿನಂತೆ ಮಾಡಿ. ಕಲ್ಯಾಣ ಮಂಟಪದಂಥ ಕಡೆ ‘ಬರ್ಲಿ, ಬರ್ಲಿ, ರೈಟ್’ ಅಂತ ಕೈ ಬೀಸುವವರು ಇರುತ್ತಾರೆ. ಅವರು ಕನ್ನಡಿಯಲ್ಲಿ ಕಾಣುವವರೆಗೆ ಮಾತ್ರ ಅವರ ಮಾತು ಕೇಳಿ. ಕಣ್ಣಿಗೆ ತಪ್ಪಿದ ಕೂಡಲೇ ನಿಲ್ಲಿಸಿ.

ಒಟ್ಟಿಗೆ ಮಾಡಿಸಿದರೆ ಕೂಲಿ ಉಳಿಯುತ್ತದೆ. ಬಂಪರ್ ಬಿಚ್ಚಿದಾಗಲೇ ‘ಅಪ್’ ಗುರುತು, ವೈರಿನ ಕ್ರಮ, ಸದ್ದು ಮಾಡದ ಸೆನ್ಸರ್ ನೋಡಿಸಿ. ಅದೇ ದಿನ ಬಜರ್ ಮುಂದಕ್ಕೆ ತರಿಸಿ, ಕ್ಯಾಮೆರಾ ಹಾಕಿಸಿ. ವೈರ್ ಸುಲಿದು ಬರೀ ಟೇಪ್ ಸುತ್ತಲು ಬಿಡಬೇಡಿ, ಸರಿಯಾದ ಕನೆಕ್ಟರ್ ಹಾಕಿ ಅಂತ ಒತ್ತಾಯಿಸಿ. ನಮ್ಮ ಮಳೆಗೆ ಟೇಪ್ ನಿಲ್ಲುವುದಿಲ್ಲ. ಬಿಲ್ ತೆಗೆದುಕೊಳ್ಳಿ. ಹೊರಗೆ ಹಾಕಿಸಿದ ಎಲೆಕ್ಟ್ರಾನಿಕ್ ಸಾಮಾನಿನ ಬೆಲೆಯನ್ನು ಇನ್ಶೂರೆನ್ಸ್‌ನವರಿಗೆ ತಿಳಿಸಿ, ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಿದ್ದರೆ ಮಾತ್ರ ಅದರ ನಷ್ಟ ಸಿಗುತ್ತದೆ. ಮುಂದಿನ ಸಲ ಪಾಲಿಸಿ ನವೀಕರಿಸುವಾಗ ಆ ಬಿಲ್ ಜೊತೆಗಿರಲಿ.